ಇಎಂಐ ಕಡಿಮೆ ಅಂದ ತಕ್ಷಣ ಸಹಿ ಹಾಕಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಹೋಮ್ ಲೋನನ್ನು ಬೇರೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡಿಸಬೇಕು ಅಂತಿದ್ದೀರಿ ಎಂದು ಕೇಳಿ ಖುಷಿಯಾಯಿತು. ಆದರೆ ಆ ಏಜೆಂಟ್ ಹೇಳಿದ ಲೆಕ್ಕ ಕೇಳಿ ಸಮಾಧಾನವಾಗಲಿಲ್ಲ. ಫೋನಿನಲ್ಲಿ ಇಷ್ಟೆಲ್ಲ ಅಂಕಿ ಹೇಳಿದರೆ ನೆನಪಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ನಿಮ್ಮ ಬಾಕಿ ಅಸಲು 40 ಲಕ್ಷ. ಬಡ್ಡಿ ಶೇಕಡಾ 8.5, ಇನ್ನೂ 15 ವರ್ಷ ಕಟ್ಟಬೇಕು, ಇಎಂಐ ಸುಮಾರು 39,390 ರೂಪಾಯಿ. ಏಜೆಂಟ್ 7.5ಕ್ಕೆ ಕೊಡಿಸುತ್ತೇನೆ, ಇಎಂಐ 32,220ಕ್ಕೆ ಇಳಿಯುತ್ತದೆ ಅಂದರಂತೆ. ತಿಂಗಳಿಗೆ ಏಳು ಸಾವಿರ ಉಳಿದರೆ ಯಾರಿಗೆ ಬೇಡ? ಆದರೆ ಅವಧಿ ನೋಡಿದೆಯಾ? ಅವರು ಸುಮ್ನೆ 20 ವರ್ಷ ಮಾಡಿಬಿಟ್ಟಿದ್ದಾರೆ. ಈಗಿನ ಲೋನನ್ನೇ ಹಾಗೆ ಮುಂದುವರಿಸಿದರೆ ನೀವು ಒಟ್ಟು ಕಟ್ಟುವುದು ಸುಮಾರು 70.9 ಲಕ್ಷ. ಅವರ ಲೆಕ್ಕದಲ್ಲಿ 77.3 ಲಕ್ಷ. ಬಡ್ಡಿ ದರ ಇಳಿದರೂ ಆರು ಲಕ್ಷಕ್ಕಿಂತ ಜಾಸ್ತಿ ಕೈಬಿಡುತ್ತದೆ!

ಅದೇ 7.5ರಲ್ಲಿ, 15 ವರ್ಷಕ್ಕೇ ತೆಗೆದುಕೊಂಡರೆ ಇಎಂಐ 37,080 ಆಗುತ್ತದೆ, ಒಟ್ಟು ನಾಲ್ಕು ಲಕ್ಷದಷ್ಟು ಉಳಿಯುತ್ತದೆ. ನನ್ನ ಮಾತು ಕೇಳುವುದಾದರೆ ಇಎಂಐ ಇಳಿಸಲೇಬೇಡಿ. ಈಗ ಕಟ್ಟುತ್ತಿರುವ 39,390ನ್ನೇ ಕಟ್ಟುತ್ತಾ ಹೋದರೆ ಸಾಲ ಒಂದೂವರೆ ವರ್ಷ ಮೊದಲೇ ತೀರುತ್ತದೆ, ಏಳು ಲಕ್ಷ ಉಳಿಯುತ್ತದೆ. ಆ ಇಎಂಐ ನಿಮಗೆ ಅಭ್ಯಾಸವಾಗಿದೆ ಅಲ್ವಾ.

2018ರಲ್ಲಿ 20 ವರ್ಷಕ್ಕೆ ತೆಗೆದುಕೊಂಡ ಸಾಲ ಇನ್ನೂ 15 ವರ್ಷ ಹೇಗೆ ಉಳಿಯಿತು ಎಂದು ಕೇಳಿದ್ದೆ ನೀನು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವನ್ನು, ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಆಗ ಬಹಳ ಬ್ಯಾಂಕುಗಳು ಇಎಂಐ ಮುಟ್ಟದೆ ಅವಧಿಯನ್ನು ಬೆಳೆಸಿದವು. ಪ್ರತಿ ತಿಂಗಳು ಅದೇ ಮೊತ್ತ ಹೋಗುತ್ತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. 2025ರಲ್ಲಿ ರೆಪೊ 5.25ಕ್ಕೆ ಇಳಿಯಿತು. ರೆಪೊಗೆ ಜೋಡಿಸಿದ ಸಾಲಗಳಿಗೆ ಅದರ ಲಾಭ ಬೇಗ ಸಿಕ್ಕಿತು. ನಿಮ್ಮದು ಹಳೇ ಎಂಸಿಎಲ್‌ಆರ್ ಸಾಲ, ಅಂದರೆ ಬ್ಯಾಂಕು ತನ್ನದೇ ಖರ್ಚಿನ ಲೆಕ್ಕದಲ್ಲಿ ಇಡುವ ದರಕ್ಕೆ ಜೋಡಿಸಿದ್ದು, ಅದು ನಿಧಾನ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನುಗಳು ರೆಪೊದಂಥ ಹೊರಗಿನ ದರಕ್ಕೇ ಜೋಡಣೆಯಾಗಬೇಕು. ಹಳೆಯವರು ತಾವೇ ಕೇಳಿ ಬದಲಿಸಿಕೊಳ್ಳಬೇಕು.

ಹಾಗಾಗಿ ಮೊದಲು ನಿಮ್ಮ ಬ್ಯಾಂಕಿಗೇ ಹೋಗಿ. ರೆಪೊ ದರಕ್ಕೆ ಬದಲಿಸಿಕೊಡಿ ಎಂದು ಅರ್ಜಿ ಕೊಡಿ, ಬೇರೆ ಬ್ಯಾಂಕು ಕೊಟ್ಟಿರುವ ದರವನ್ನೂ ತೋರಿಸಿ. ಒಂದಿಷ್ಟು ಫೀಸ್ ತೆಗೆದುಕೊಂಡು ಮಾಡಿಕೊಡಬಹುದು. ಹತ್ತಿರ ಹತ್ತಿರ ಅದೇ ದರ ಸಿಕ್ಕರೆ ಅಲ್ಲೇ ಇದ್ದುಬಿಡಿ. ಓಡಾಟವೇ ಇರುವುದಿಲ್ಲ.

ಒಪ್ಪಲಿಲ್ಲ ಅಂದರೆ ಮಾತ್ರ ಹೊರಡಿ. ಫ್ಲೋಟಿಂಗ್ ಹೋಮ್ ಲೋನನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಖರ್ಚು ಬರುವುದು ಹೊಸ ಬ್ಯಾಂಕಿನ ಕಡೆ. ಪ್ರೊಸೆಸಿಂಗ್ ಫೀಸ್, ಲೀಗಲ್ ಒಪೀನಿಯನ್, ಮನೆಯ ವ್ಯಾಲ್ಯುಯೇಷನ್, ಪತ್ರ ಅಡವಿಡುವ ಎಂಒಡಿಗೆ ಸ್ಟ್ಯಾಂಪ್ ಡ್ಯೂಟಿ. ಈ ಡ್ಯೂಟಿ ಸಾಲದ ಮೊತ್ತದ ಮೇಲೆ ಬೀಳುತ್ತದೆ, ಏಜೆಂಟರು ಇದನ್ನು ಕೊನೆಗೆ ಹೇಳುತ್ತಾರೆ. ಎಲ್ಲಾ ಕೂಡಿಸಿ, ತಿಂಗಳ ಉಳಿತಾಯದಿಂದ ಭಾಗಿಸು. ಎಷ್ಟು ತಿಂಗಳಲ್ಲಿ ಖರ್ಚು ವಾಪಸು ಬರುತ್ತದೆ ಗೊತ್ತಾಗುತ್ತದೆ. ನಿಮಗೆ 15 ವರ್ಷ ಇರುವುದರಿಂದ ಗಿಟ್ಟುತ್ತದೆ. ನಿನ್ನ ಚಿಕ್ಕಪ್ಪನಿಗೆ ಬೇಡ ಅಂದೆ, ಅವರದು ಮೂರೇ ವರ್ಷ ಬಾಕಿ, ಬಡ್ಡಿಯ ದೊಡ್ಡ ಭಾಗ ಆಗಲೇ ಕಟ್ಟಿಯಾಗಿದೆ.

ಹೊಸ ಬ್ಯಾಂಕು ಸಹಿಗೆ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಇರುತ್ತದೆ, ಫೀಸುಗಳೂ ಸೇರಿದ ನಿಜವಾದ ವಾರ್ಷಿಕ ದರ ಅದು. ಜಾಹೀರಾತಿನ ದರ ಬಿಟ್ಟು ಅದನ್ನು ನೋಡು. ರೆಪೊ ಮೇಲೆ ಸ್ಪ್ರೆಡ್ (ಬ್ಯಾಂಕು ಸೇರಿಸುವ ಹೆಚ್ಚುವರಿ ದರ) ಎಷ್ಟು ಎಂದೂ ಕೇಳು. ನಾಲ್ಕು ಕಡೆ ಒಟ್ಟಿಗೆ ಅರ್ಜಿ ಹಾಕಬೇಡ, ಪ್ರತಿ ವಿಚಾರಣೆಯೂ ಸಾಲಗಳ ಇತಿಹಾಸ ಇಡುವ ಸಿಬಿಲ್‌ನಲ್ಲಿ ದಾಖಲಾಗುತ್ತದೆ. ಟಾಪ್-ಅಪ್ (ಇದೇ ಸಾಲದ ಮೇಲೆ ಇನ್ನಷ್ಟು ಸಾಲ) ಕೊಡ್ತೀವಿ, ಕಾರು ತಗೊಳ್ಳಿ ಅನ್ನುತ್ತಾರೆ. ದಯವಿಟ್ಟು ಬೇಡ ಮಗಳೇ. ಕಾರು ಹಳತಾಗಿ ಹೋದ ಮೇಲೂ ಅದರ ಸಾಲ ಮನೆಯ ಮೇಲೆ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಚಿಂತೆ ಪತ್ರಗಳದ್ದು. ಹಳೇ ಬ್ಯಾಂಕಿಗೆ ದುಡ್ಡು ಸೇರಿ, ಪತ್ರ ಹೊಸ ಬ್ಯಾಂಕಿಗೆ ತಲುಪುವ ತನಕ ನೀವೇ ಬೆನ್ನು ಹತ್ತಬೇಕು. ಹೊರಡುವ ಮುಂಚೆಯೇ ಹಳೇ ಬ್ಯಾಂಕಿನವರ ಹತ್ತಿರ ಇರುವ ದಾಖಲೆಗಳ ಪಟ್ಟಿಯನ್ನು ಬರಹದಲ್ಲಿ ತೆಗೆದುಕೋ. ಕ್ರಯಪತ್ರ, ಮೂಲಪತ್ರಗಳು, ಖಾತಾ, ಎಲ್ಲಾ ತಾಳೆ ನೋಡು. ಸಾಲ ತೀರಿದ 30 ದಿನದೊಳಗೆ ಅವರು ಪತ್ರ ವಾಪಸು ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಹಳೇ ಅಡಮಾನ ರದ್ದಾಗಿದೆಯೇ ಎಂದು ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ಕಣ್ಣಾರೆ ನೋಡಿಕೋ. ಅದನ್ನು ಹಾಗೇ ಬಿಟ್ಟರೆ ಮುಂದೆ ಮನೆ ಮಾರುವಾಗ ತೊಂದರೆ.

ಈ ವಾರ ನಿಮ್ಮ ಬ್ಯಾಂಕಿಗೆ ಅರ್ಜಿ ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಇಟ್ಟುಕೋ. ಅವರು ಏನು ಹೇಳಿದರು ಎಂದು ತಿಳಿಸು. ಲೋನ್ ಸ್ಟೇಟ್‌ಮೆಂಟನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ನಾನೂ ಕೂತು ಲೆಕ್ಕ ನೋಡುತ್ತೇನೆ.

ಪ್ರೀತಿಯಿಂದ,
ನಿನ್ನ ಅಮ್ಮ