ಹಿಮದ ಮೇಲೆ ಏನು ಬಿತ್ತುತ್ತೀಯ?

ಪ್ರೀತಿಯ ಅಪ್ಪ, ಅಮ್ಮ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಅಪ್ಪ, ಕಳೆದ ಸಲ ಫೋನಿನಲ್ಲಿ ನೀವು ನಗುತ್ತಲೇ ಕೇಳಿದಿರಿ: "ಐದು ತಿಂಗಳು ಹಿಮ ಹೊದ್ದು ಮಲಗುವ ನೆಲದವರಿಗೆ ನೀನು ಏನು ಬೇಸಾಯ ಕಲಿಸುತ್ತೀಯ? ಹಿಮದ ಮೇಲೆ ಏನು ಬಿತ್ತುತ್ತೀಯ?" ಆಗ ಉತ್ತರ ಹೊಳೆಯಲಿಲ್ಲ. ಈಗ ಮಧ್ಯಾಹ್ನ ಮೂರೂವರೆಗೇ ಕತ್ತಲಾಗಿದೆ, ಬರೆಯಲು ಬೇಕಾದಷ್ಟು ಹೊತ್ತಿದೆ.

ಮೊದಲು ನನ್ನ ಸೋಲನ್ನು ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಮೊದಲ ವಸಂತದಲ್ಲಿ ಪರ್ಮಾಕಲ್ಚರ್, ಅಂದರೆ ನಿಸರ್ಗದ ಕ್ರಮ ನೋಡಿ ತೋಟ, ಮನೆ ರೂಪಿಸುವ ವಿದ್ಯೆಯ ತರಗತಿಯ ಮುಂದೆ ನಿಂತು, ಬರಿಮಣ್ಣು ಎಂದರೆ ತೆರೆದ ಗಾಯ ಎಂದು ಘನವಾಗಿ ಹೇಳಿದೆ. ಮಡಿಗಳ ಮೇಲೆ ಗೇಣುದ್ದ ಒಣಹುಲ್ಲಿನ ಮುಚ್ಚಿಗೆ ಹಾಕಿಸಿದೆ. ಹುಲ್ಲನ್ನು ಅಷ್ಟಷ್ಟೇ ಸರಿಸಿ ಹುರುಳಿಕಾಯಿ ಬೀಜ ಊರಿದೆವು. ಎರಡು ವಾರವಾದರೂ ಒಂದು ಮೊಳಕೆಯೂ ಕಾಣಲಿಲ್ಲ. ಕೆದಕಿ ನೋಡಿದರೆ ಬೀಜಗಳು ಲೋಳೆಯಾಗಿ ಕೊಳೆತಿದ್ದವು, ಹುಲ್ಲಿನಡಿಯಲ್ಲಿ ಚಿಪ್ಪಿಲ್ಲದ ಬಸವನಹುಳುಗಳ ಸಂಸಾರ ಮಾತ್ರ ಸುಖವಾಗಿತ್ತು. ನಲವತ್ತು ವರ್ಷ ತೋಟ ಮಾಡಿದ ಒಬ್ಬ ಅಜ್ಜಿ ನನ್ನ ವಿದ್ಯಾರ್ಥಿನಿ. ಅವರು ಏನೂ ಹೇಳದೆ ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ತಂದರು. ನನ್ನ ಮಡಿಯಲ್ಲಿ 7 ಡಿಗ್ರಿ. ಪಕ್ಕದ ಬೋಳು ಮಡಿಯಲ್ಲಿ 13. ಹುರುಳಿಕಾಯಿ ಮೊಳೆಯಲು ಕಡಿಮೆಯೆಂದರೂ ಹತ್ತು ಹನ್ನೆರಡು ಡಿಗ್ರಿ ಬೇಕು. "ನಾವು ವಸಂತದಲ್ಲಿ ಹುಲ್ಲು ತೆಗೆದು ಮಣ್ಣಿಗೆ ಬಿಸಿಲು ಕುಡಿಸುತ್ತೇವೆ, ಬೆಚ್ಚಗಾದ ಮೇಲೆ ಮತ್ತೆ ಹೊದಿಸುತ್ತೇವೆ" ಎಂದರು, ಅಷ್ಟೇ. ಗುರು ಯಾರು, ಶಿಷ್ಯೆ ಯಾರು ಎಂದು ಆ ದಿನ ಯಾರಿಗೂ ಸಂಶಯ ಉಳಿಯಲಿಲ್ಲ.

ರಾತ್ರಿ ಮಲಗಿ ಯೋಚಿಸಿದೆ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಪರ್ಮಾಕಲ್ಚರ್ ಚಿಂತನೆ ಕಟ್ಟಿದಾಗ ಯಾರಿಗೂ ಮುಚ್ಚಿಗೆಯ ವ್ರತ ಬೋಧಿಸಿರಲಿಲ್ಲ. ಈ ಜಾಗಕ್ಕೆ ಏನು ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರಿ ಹೋಗುತ್ತದೆ ಎಂದು ನೋಡಿ ಆಮೇಲೆ ಗುದ್ದಲಿ ಎತ್ತು ಎಂಬುದು ಅವರ ಮಾತಿನ ತಿರುಳು. ನಾನು ಆ ಪ್ರಶ್ನೆಯನ್ನು ಮನೆಯಲ್ಲೇ ಮರೆತು, ಅಲ್ಲಿನ ಉತ್ತರವನ್ನು ಮಾತ್ರ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದೆ. ನಮ್ಮೂರಲ್ಲಿ ಓಡಿಹೋಗುವುದು ನೀರು. ಇಲ್ಲಿ ಓಡಿಹೋಗುವುದು ಶಾಖ.

ಈಗ ನನ್ನ ಮೊದಲ ಪಾಠ ನೆರಳು ಅಳೆಯುವುದು. ನಾವಿರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಆರೂವರೆ ಡಿಗ್ರಿಯಷ್ಟೇ ಮೇಲೇರುತ್ತಾನೆ. ಎರಡು ಮೀಟರ್ ಬೇಲಿಯ ನೆರಳು ಹದಿನೇಳು ಮೀಟರ್ ದಾಟುತ್ತದೆ! ಜೂನಿನಲ್ಲಿ ಅದೇ ಸೂರ್ಯ ಸುಮಾರು 19 ಗಂಟೆ ಆಕಾಶ ಬಿಟ್ಟು ಕದಲುವುದಿಲ್ಲ. ಗೂಟ ನೆಟ್ಟು ನೆರಳಿನ ತುದಿ ಗುರುತಿಸದವರಿಗೆ ನಾನು ನಕ್ಷೆ ಬರೆಯಲು ಬಿಡುವುದಿಲ್ಲ.

ಎರಡನೆಯ ಪಾಠ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಮೋಡವಿಲ್ಲದ ರಾತ್ರಿ ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ, ನೀರಿನಂತೆಯೇ ಇಳಿಜಾರು ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಒಬ್ಬ ವಿದ್ಯಾರ್ಥಿಯ ಸೇಬಿನ ಹೂವು ಪ್ರತಿ ವಸಂತದಲ್ಲೂ ಕರಕಲಾಗುತ್ತಿತ್ತು. ಹೋಗಿ ನೋಡಿದರೆ ತೋಟದ ಕೆಳ ಅಂಚಿನಲ್ಲಿ ದಟ್ಟ ಪೊದೆಬೇಲಿ ಅಣೆಕಟ್ಟಿನಂತೆ ನಿಂತಿದೆ. ಒಡ್ಡು ಕಟ್ಟುವವರ ಮಗಳಿಗೆ ಅದನ್ನು ಓದಲು ಎಷ್ಟು ಹೊತ್ತು ಬೇಕು? ನೀವು ಕೋಡಿ ಬಿಡುವಂತೆಯೇ ಬೇಲಿಯಲ್ಲಿ ಎರಡು ಮಾರು ಅಗಲದ ಕಿಂಡಿ ಬಿಡಿಸಿದೆ. ಈ ವರ್ಷ ಕಾಯಿ ಕಚ್ಚಿತು. ಅದೊಂದು ಕಡೆ ನಿಮ್ಮ ಹೆಸರು ಹೇಳಿಕೊಂಡು ಮೆರೆದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿಮದ ಮೇಲೆ ನಾವು ಏನೂ ಬಿತ್ತುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ರೈತ ಎಲಿಯಟ್ ಕೋಲ್‌ಮನ್ ತೋರಿಸಿದಂತೆ, ಹಗಲು ಹತ್ತು ಗಂಟೆಗಿಂತ ಕಡಿಮೆಯಾದರೆ ಗಿಡದ ಬೆಳವಣಿಗೆ ಬಹುಮಟ್ಟಿಗೆ ನಿಂತುಬಿಡುತ್ತದೆ. ಹಾಗಾಗಿ ಪಾಲಕ್, ಕೇಲ್ ಸೊಪ್ಪುಗಳನ್ನು ಬೇಸಿಗೆ ಮುಗಿಯುವ ಮೊದಲೇ ಬಿತ್ತಿ, ಹಗಲು ಕುಗ್ಗುವಷ್ಟರಲ್ಲಿ ಬೆಳೆಸಿ ಮುಗಿಸುತ್ತೇವೆ. ಆಮೇಲೆ ಹೊದಿಕೆಯಡಿ ಅವು ನಿಂತಿರುತ್ತವೆ, ಬೇಕಾದಾಗ ಕೊಯ್ಯುವುದು. ಕೊರೆಯುವ ಚಳಿ ತಗುಲಿದ ಕೇಲ್ ಹಿಟ್ಟಿನಂಶವನ್ನು ಸಕ್ಕರೆ ಮಾಡಿಕೊಂಡು ಸಿಹಿಯಾಗುತ್ತದೆ. ಬೆಳ್ಳುಳ್ಳಿಯನ್ನು ಮಾತ್ರ ಶರತ್ಕಾಲದಲ್ಲಿ ಊರಿಬಿಡುತ್ತೇವೆ, ಗಡ್ಡೆ ಎಸಳೆಸಳಾಗಿ ಒಡೆಯಲು ಅದಕ್ಕೆ ಚಳಿ ಬೇಕು. ಅದರ ಮೇಲೆ ಹಿಮ ಬಿದ್ದರೆ ಇನ್ನೂ ಒಳ್ಳೆಯದೇ. ಹೊಸ ಹಿಮವೆಂದರೆ ಬಹುಪಾಲು ಗಾಳಿ, ಹತ್ತಿಯ ಕೌದಿ ಇದ್ದಂತೆ. ಹಿಮವಿಲ್ಲದ ಚಳಿಗಾಲಕ್ಕೇ ಇಲ್ಲಿನವರು ಹೆದರುವುದು.

ಹಸಿರುಮನೆಯೊಳಗೆ ನೀರಿನ ಪೀಪಾಯಿ ಇಟ್ಟಿದ್ದೇನೆ. ನೀರು ಹೆಪ್ಪುಗಟ್ಟುವಾಗ ಶಾಖ ಬಿಟ್ಟುಕೊಡುತ್ತದೆ ಎಂದಾಗ ತರಗತಿಯಲ್ಲಿ ನಕ್ಕರು. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ: 200 ಲೀಟರ್ ನೀರು ಪೂರ್ತಿ ಮಂಜುಗಡ್ಡೆಯಾಗುವಷ್ಟರಲ್ಲಿ ಹದಿನೆಂಟು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ. ಅದರಿಂದ ಒಳಗೆ ಸೆಕೆಯೇನೂ ಆಗುವುದಿಲ್ಲ, ಆದರೆ ಒಂದು ಕೆಟ್ಟ ರಾತ್ರಿಯನ್ನು ಸಸಿಗಳು ದಾಟಲು ಸಾಕು.

ಅಮ್ಮ, ನಿಮಗೆ ನೆಲಮಾಳಿಗೆ ತೋರಿಸಬೇಕೆಂಬ ಆಸೆ. ಫ್ರಿಜ್ಜೂ ಇಲ್ಲ, ವಿದ್ಯುತ್ತೂ ಇಲ್ಲ, ಮಣ್ಣೊಳಗಿನ ಕೋಣೆ, ಅಷ್ಟೇ. ಸೊನ್ನೆಯಿಂದ ನಾಲ್ಕು ಡಿಗ್ರಿ, ಗೋಡೆ ಬೆವರುವಷ್ಟು ತೇವ. ತೇವದ ಮರಳಿನಲ್ಲಿ ಹೂತ ಕ್ಯಾರೆಟ್ ವಸಂತದವರೆಗೂ ಗರಿಗರಿಯಾಗಿರುತ್ತದೆ. ಸೇಬನ್ನು ಮಾತ್ರ ಪಕ್ಕದಲ್ಲಿ ಇಡಬಾರದು, ಅದು ಬಿಡುವ ಎಥಿಲೀನ್ ಅನಿಲದಿಂದ ಕ್ಯಾರೆಟ್ ಕಹಿಯಾಗುತ್ತದೆ. ಒಬ್ಬರಿಗೊಬ್ಬರು ಆಗದವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸುವ ನಿಮ್ಮ ಜಾಣತನ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತಿತ್ತು.

ಸುಸ್ಥಿರ ಬದುಕು ಎಂದೊಡನೆ ಇಲ್ಲಿಯೂ ಎಲ್ಲರಿಗೂ ಮೊದಲು ಸೌರಫಲಕ ಬೇಕು. ಆರು ಡಿಗ್ರಿ ಎತ್ತರದ ಸೂರ್ಯನಿಂದ ಅದು ಡಿಸೆಂಬರ್‌ನಲ್ಲಿ ಏನು ಹಿಂಡೀತು? ನಾನು ಅವರ ಕೈಗೆ ಮೇಣದಬತ್ತಿ ಕೊಟ್ಟು ಕಿಟಕಿ, ಬಾಗಿಲು, ಅಟ್ಟದ ಸಂದುಗಳ ಬಳಿ ಹಿಡಿಯಲು ಹೇಳುತ್ತೇನೆ. ಜ್ವಾಲೆ ಬಳುಕಿದಲ್ಲಿ ಮೊದಲು ಮುಚ್ಚಿ, ಅಟ್ಟಕ್ಕೆ ದಪ್ಪನೆಯ ಹೊದಿಕೆ ಹಾಕಿ, ಫಲಕ ಆಮೇಲೆ. ಕೆಲವರಿಗೆ ಇದರಿಂದ ನಿರಾಸೆಯಾಗುತ್ತದೆ. ಫಲಕವನ್ನು ನೆಂಟರಿಗೆ ತೋರಿಸಬಹುದು, ಮುಚ್ಚಿದ ಬಿರುಕನ್ನು ಯಾರಿಗೆ ತೋರಿಸುವುದು?

ಜಗತ್ತಿನೆಲ್ಲೆಡೆ ಪರ್ಮಾಕಲ್ಚರ್ ಕೋರ್ಸು 72 ಗಂಟೆಗಳದ್ದು, ಹೆಚ್ಚಾಗಿ ಬೇಸಿಗೆಯ ಎರಡು ವಾರಗಳಲ್ಲಿ ಮುಗಿಸಿ ಪ್ರಮಾಣಪತ್ರ ಕೊಡುತ್ತಾರೆ. ಒಂದು ಚಳಿಗಾಲವನ್ನೂ ಕಾಣದೆ ಕಲಿತ ಚಳಿನಾಡಿನ ಕೃಷಿ! ನಾನು ಅದನ್ನು ನಾಲ್ಕು ಋತುಗಳಿಗೆ ಹಂಚಿದ್ದೇನೆ. ಸೇರುವವರು ಕಡಿಮೆಯಾದರು, ನಿಂತವರು ಗಟ್ಟಿಯಾಗಿದ್ದಾರೆ.

ನಾಳೆ ಬೆಳಿಗ್ಗೆ ನೆಲಮಾಳಿಗೆಗೆ ಮರಳು ಹೊರಬೇಕು, ಥರ್ಮಾಮೀಟರ್ ಅಜ್ಜಿಯೂ ಬರುತ್ತಾರೆ. ಅಪ್ಪ, ಈ ಪತ್ರ ಓದಿ ನಿಮ್ಮ ಮಡಿಗಳ ಮುಚ್ಚಿಗೆಯನ್ನು ಎಲ್ಲಿಯಾದರೂ ತೆಗೆದುಬಿಟ್ಟೀರಿ, ಜೋಕೆ. ಅದು ಅಲ್ಲೇ ಇರಲಿ.

ನಿಮ್ಮ ಪ್ರೀತಿಯ ಮಗಳು