‘ಹಕ್ಕಿ ಕಾಣಲಿಲ್ಲ’ ಅಂತಲೂ ಬರೆಯಬೇಕು

ಮಾನ್ಯ ಸಂಪಾದಕರೇ,

ಹಕ್ಕಿಗಳ ನೆಲೆ ಬದಲಾಗುತ್ತಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಆದರೆ ಅದರಲ್ಲಿ ಇದನ್ನೆಲ್ಲ ‘ವಲಸೆ’ ಎಂದು ಕರೆದಿದ್ದಾರೆ. ಅದು ಸರಿಯಲ್ಲ. ವಲಸೆ ಹೋದ ಹಕ್ಕಿ ಋತು ಬದಲಾದಾಗ ವಾಪಸ್ ಬರುತ್ತದೆ. ನೆಲೆ ಸರಿಯುವಾಗ ಯಾವ ಹಕ್ಕಿಯೂ ಗಂಟುಮೂಟೆ ಕಟ್ಟಿಕೊಂಡು ಹೊರಡುವುದಿಲ್ಲ. ಒಂದು ಅಂಚಿನಲ್ಲಿ ಮರಿಗಳು ಬದುಕುಳಿಯುವುದು ಕಡಿಮೆಯಾಗುತ್ತದೆ. ಇನ್ನೊಂದು ಅಂಚಿನಲ್ಲಿ ಹೊಸ ತಲೆಮಾರು ಸ್ವಲ್ಪ ಮುಂದೆ ಹೋಗಿ ಗೂಡು ಕಟ್ಟುತ್ತದೆ. ಇಪ್ಪತ್ತು ಮೂವತ್ತು ವರ್ಷ ಹೀಗೇ ನಡೆದರೆ ನಕ್ಷೆಯೇ ಬೇರೆಯಾಗಿರುತ್ತದೆ.

ಹಾಗಾಗಿ ಹಕ್ಕಿ ಕಂಡಿತು ಎಂದರೆ ಸಾಲದು. ಅದು ಅಲ್ಲಿ ಮರಿ ಮಾಡುತ್ತಿದೆಯೇ ಎಂಬುದು ಪ್ರಶ್ನೆ. ನಮ್ಮಂಥ ಸ್ವಯಂಸೇವಕರಿಗೆ ಇದಕ್ಕೆ ಮೂರು ಹಂತ ಹೇಳಿಕೊಡುತ್ತಾರೆ. ಸರಿಯಾದ ಜಾಗದಲ್ಲಿ ಗಂಡು ಹಾಡುತ್ತಿದ್ದರೆ ‘ಇರಬಹುದು’. ವಾರ ಬಿಟ್ಟು ಹೋದಾಗಲೂ ಅಲ್ಲೇ ಹಾಡುತ್ತಿದ್ದರೆ ‘ಬಹುಮಟ್ಟಿಗೆ ಹೌದು’. ಮರಿಗೆ ಗುಟುಕು ಒಯ್ಯುತ್ತಿದ್ದರೆ ‘ಖಚಿತ’. ನನಗೆ ತುಂಬ ಇಷ್ಟವಾದ ಪುರಾವೆ ಇನ್ನೊಂದಿದೆ. ಎಷ್ಟೋ ಜಾತಿಯ ಮರಿಗಳ ಹಿಕ್ಕೆ ತೆಳು ಚೀಲದಲ್ಲಿ ಕಟ್ಟಿಕೊಟ್ಟ ಹಾಗಿರುತ್ತದೆ. ತಾಯಿಯೋ ತಂದೆಯೋ ಅದನ್ನು ಕೊಕ್ಕಲ್ಲಿ ಕಚ್ಚಿಕೊಂಡು ದೂರ ಎಸೆದು ಬರುತ್ತದೆ. ಆ ಬಿಳಿ ಪೊಟ್ಟಣ ಕಂಡರೆ ಸಾಕು, ಗೂಡು ಹುಡುಕುವ ಕೆಲಸವೇ ಇಲ್ಲ. ಹುಡುಕಲೂಬಾರದು ಬಿಡಿ. ನಮ್ಮ ಜಾಡು ಹಿಡಿದು ಬೆಕ್ಕು, ಕಾಗೆ ಬರಬಹುದು.

ಇನ್ನು ನನ್ನದೇ ಒಂದು ತಪ್ಪು ಹೇಳಬೇಕು. ಸಮೀಕ್ಷೆಗೆ ನಕ್ಷೆಯನ್ನು ಚೌಕಗಳಾಗಿ ಮಾಡಿ ಒಬ್ಬೊಬ್ಬರಿಗೆ ಹಂಚುತ್ತಾರೆ. ಒಂದು ವರ್ಷ ನನ್ನ ಪಾಲಿಗೆ ಬಂದ ಚೌಕದಲ್ಲಿ ಏನೂ ವಿಶೇಷ ಸಿಗಲಿಲ್ಲ. ಎಲ್ಲರಿಗೂ ಗೊತ್ತಿರುವ ಏಳೆಂಟು ಹಕ್ಕಿ, ಅಷ್ಟೇ. ಸುಮ್ನೆ ಯಾಕೆ ಅಂತ ಫಾರಂ ಕಳಿಸಲೇ ಇಲ್ಲ. ಎರಡು ವರ್ಷದ ನಂತರ ಅದೇ ಚೌಕದಲ್ಲಿ ಹಿಂದೆಂದೂ ನೋಡದ ಹಕ್ಕಿಯೊಂದು ಬಾಯಿ ತುಂಬ ಹುಳ ಹಿಡಿದು ಪೊದೆಗೆ ನುಗ್ಗಿತು. ಖುಷಿಯಿಂದ ಬರೆದು ಕಳಿಸಿದೆ. ಸಮೀಕ್ಷೆ ನೋಡಿಕೊಳ್ಳುವವರು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಹೊಸದಾಗಿ ಬಂದದ್ದೋ, ಮೊದಲೇ ಇತ್ತೋ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕಳಿಸದೆ ಬಿಟ್ಟ ಆ ಫಾರಂ ಇದ್ದಿದ್ದರೆ ಅದೇ ಉತ್ತರವಾಗುತ್ತಿತ್ತು, ಅಲ್ವಾ?

ಬ್ರಿಟನ್ನಿನವರು ಈ ಉತ್ತರವನ್ನು ಮೊದಲೇ ಬರೆದಿಟ್ಟಿದ್ದರು. ಇಡೀ ದೇಶವನ್ನು 10 ಕಿ.ಮೀ. ಚೌಕಗಳಾಗಿ ಮಾಡಿ 1968ರಿಂದ 72ರವರೆಗೆ ಮರಿ ಮಾಡುವ ಹಕ್ಕಿಗಳನ್ನು ಹುಡುಕಿದರು. ಮತ್ತೆ 1988–91ರಲ್ಲಿ, ಮತ್ತೆ 2007–11ರಲ್ಲಿ. ಮೊದಲ ಎರಡು ಸಲ ಲಿಟಲ್ ಈಗ್ರೆಟ್, ಅಂದರೆ ನಮ್ಮ ಪುಟ್ಟ ಬೆಳ್ಳಕ್ಕಿ, ಅಲ್ಲಿ ಗೂಡು ಕಟ್ಟುತ್ತಿರಲಿಲ್ಲ. 1996ರಲ್ಲಿ ಮೊದಲ ಗೂಡು. ಮೂರನೇ ಸಮೀಕ್ಷೆಯ ಹೊತ್ತಿಗೆ ಅದು ಸಾಕಷ್ಟು ಕಡೆ ಹರಡಿತ್ತು. ಟರ್ಟಲ್ ಡವ್ ಎಂಬ ಬೆಳವದ ಕಥೆ ತಿರುವುಮುರುವು. ಒಂದು ಕಾಲಕ್ಕೆ ಇಂಗ್ಲೆಂಡಿನ ಬಹುಪಾಲು ಕಡೆ ಇದ್ದದ್ದು ಈಗ ಹೆಚ್ಚುಕಮ್ಮಿ ಆಗ್ನೇಯದ ಮೂಲೆಗೆ ಸರಿದಿದೆ.

ಅಮೆರಿಕ, ಕೆನಡಾಗಳಲ್ಲಿ 1966ರಿಂದ ನಡೆಯುವ ಸಮೀಕ್ಷೆಯ ಶಿಸ್ತೇ ಬೇರೆ. ಸುಮಾರು 40 ಕಿ.ಮೀ. ರಸ್ತೆ, 50 ನಿಲುಗಡೆ, ಪ್ರತಿಯೊಂದರಲ್ಲೂ ಮೂರೇ ನಿಮಿಷ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಶುರು. ನಾಲ್ಕನೇ ನಿಮಿಷದಲ್ಲಿ ಎಂಥ ಅಪರೂಪದ ಹಕ್ಕಿ ಬಂದರೂ ಲೆಕ್ಕಕ್ಕಿಲ್ಲ! ಹೊಟ್ಟೆ ಉರಿಯುತ್ತದೆ ನಿಜ. ಆದರೆ ಹೀಗೆ ಒಂದೇ ಅಳತೆಗೋಲು ಹಿಡಿದಿದ್ದರಿಂದಲೇ 1970ರಿಂದ ಈಚೆಗೆ ಆ ಖಂಡದಲ್ಲಿ ಸುಮಾರು 300 ಕೋಟಿ ಹಕ್ಕಿ ಕಡಿಮೆಯಾಗಿವೆ ಎಂದು 2019ರಲ್ಲಿ ಹೇಳಲು ಸಾಧ್ಯವಾಯಿತು. ಅದರಲ್ಲಿ ಹೆಚ್ಚಿನವು ಎಲ್ಲರಿಗೂ ಪರಿಚಯವಿರುವ ಸಾಮಾನ್ಯ ಹಕ್ಕಿಗಳೇ. ಅಪರೂಪದ್ದನ್ನಷ್ಟೇ ಬೆನ್ನಟ್ಟಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ನಿಮ್ಮ ಲೇಖನದಲ್ಲಿದ್ದ ಯುರೋಪಿನ ಅಂಕಿ ಸರಿಯಾಗಿದೆ. ಸುಮಾರು 30 ವರ್ಷಗಳಲ್ಲಿ ಅಲ್ಲಿನ ಹಕ್ಕಿಗಳ ನೆಲೆ ಸರಾಸರಿ 28 ಕಿ.ಮೀ. ಉತ್ತರಕ್ಕೆ ಸರಿದಿದೆ. ಆದರೆ ಇದಕ್ಕೆಲ್ಲ ಏರುತ್ತಿರುವ ತಾಪಮಾನವೇ ಕಾರಣ ಎಂದು ಬರೆದಿದ್ದು ಸ್ವಲ್ಪ ಜಾಸ್ತಿಯಾಯಿತು. ಕೃಷಿ ಬದಲಾಗಿದೆ, ಕಾಡು ಬದಲಾಗಿದೆ, ಬೇಟೆ ನಿಂತ ಕಡೆ ಕೆಲವು ಹಕ್ಕಿಗಳು ಮರಳಿವೆ. ನೋಡುವವರೂ ಹೆಚ್ಚಾಗಿದ್ದಾರೆ. ಜನ ಜಾಸ್ತಿ ನೋಡಿದ ಕಡೆ ಹಕ್ಕಿಯೂ ಜಾಸ್ತಿ ಕಾಣುತ್ತದೆ. ಅದಕ್ಕೇ ಈಗ ಎಷ್ಟು ಹೊತ್ತು ನೋಡಿದೆವು ಎಂಬುದನ್ನೂ ಬರೆಸಿಕೊಳ್ಳುತ್ತಾರೆ.

ಮುಂದಿನ ಸಲ ಇಂಥ ನಕ್ಷೆ ಅಚ್ಚು ಮಾಡುವಾಗ ಒಂದು ಮನವಿ. ಹುಡುಕಿಯೂ ಹಕ್ಕಿ ಸಿಗದ ಚೌಕ ಒಂದು, ಯಾರೂ ಕಾಲಿಡದ ಚೌಕ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿ. ಈ ಸಲ ಎರಡೂ ಬೆಳ್ಳಗಿದ್ದವು.

— ಹಕ್ಕಿ ಸಮೀಕ್ಷೆಯ ಒಬ್ಬ ಸ್ವಯಂಸೇವಕ