ಗಾಜಿನ ಲೆಕ್ಕ ಬಾಯಿಮಾತಲ್ಲಿ ಬೇಡ, ಬರೆದುಕೊಡಿ

ಮಾನ್ಯರೆ,

ಶಿವಮೊಗ್ಗದ ದುರ್ಗಿಗುಡಿ ಕಡೆ ನನ್ನದೊಂದು ಸಣ್ಣ ಸೀರೆ ಅಂಗಡಿ ಇದೆ. ಹನ್ನೊಂದು ವರ್ಷ ಬರೀ ಶಟರ್ ಎತ್ತಿ ವ್ಯಾಪಾರ ಮಾಡಿದೆವು. ರಸ್ತೆಯ ಧೂಳು ಬಂದು ಸೀರೆಯ ಮಡಿಕೆಯ ಮೇಲೆ ಕೂತು, ತಿಳಿ ಬಣ್ಣದವು ಗೆರೆ ಕಪ್ಪಾಗಿ ಅರ್ಧ ಬೆಲೆಗೆ ಹೋಗುತ್ತಿದ್ದವು. ಮುಂಭಾಗಕ್ಕೆ ಗಾಜು ಹಾಕಿಸಿಯೇ ಬಿಡೋಣ ಎಂದು ಈ ಸಲ ನಮ್ಮ ಮಹಿಳಾ ಸಂಘದಲ್ಲಿ 25 ಸಾವಿರ ರೂಪಾಯಿ ಸಾಲ ತೆಗೆದೆ.

ಮೂರು ಕಡೆ ವಿಚಾರಿಸಿದೆ. ಮೂವರೂ ಹೇಳಿದ್ದು ಒಂದೇ ಥರ, ‘ಚದರ ಅಡಿಗೆ ಇಷ್ಟು’ ಅಂತ. ಒಬ್ಬರು 260, ಒಬ್ಬರು 240, ಮತ್ತೊಬ್ಬರು 130. ಈ 130 ಯಾಕೆ ಅಷ್ಟು ಕಡಿಮೆ ಎಂದು ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು, ಅದು 8 ಎಂಎಂ ಸಾದಾ ಗಾಜು. ಸಾದಾ ಗಾಜು ಒಡೆದರೆ ಕತ್ತಿಯಂಥ ಚೂರು ಬೀಳುತ್ತದೆ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಸಣ್ಣ ಸಣ್ಣ ಹರಳಾಗುತ್ತದೆ. ತಾಯಂದಿರು ಸೀರೆ ನೋಡುವಷ್ಟು ಹೊತ್ತೂ ಮಕ್ಕಳು ಓಡಾಡುವುದು ಬಾಗಿಲ ಹತ್ತಿರವೇ. ಅದಕ್ಕೇ ಸಾದಾ ಗಾಜಿನ ಮಾತು ಅಲ್ಲಿಗೇ ಬಿಟ್ಟು, 12 ಎಂಎಂ ಟಫನ್ಡ್‌ಗೆ 240 ಎಂದವರಿಗೆ ಒಪ್ಪಿಸಿದೆ.

ನಮ್ಮದು 45 ಇಂಚು ಅಗಲ, 87 ಇಂಚು ಎತ್ತರದ ಎರಡು ಗಾಜು, ಅಷ್ಟೇ ಎತ್ತರದ 39 ಇಂಚಿನ ಒಂದು ಬಾಗಿಲು. ಒಟ್ಟು 78 ಚದರ ಅಡಿ. 240ರಿಂದ ಗುಣಿಸಿದರೆ 18,720. ಮೇಲೆ ಕೈಖರ್ಚು ಸೇರಿದರೂ ಸಾಲದ ಹಣದಲ್ಲಿ ಆಗಿಹೋಗುತ್ತದೆ ಎಂದುಕೊಂಡಿದ್ದೆ.

ಬಿಲ್ ಬಂದಾಗ ಗಾಜಿನದೇ 20,700. ಕೇಳಿದರೆ, 45ನ್ನು 48, 87ನ್ನು 90, 39ನ್ನು 42 ಎಂದು ಹಿಡಿಯುತ್ತಾರಂತೆ. ಆರು ಇಂಚಿನ ಲೆಕ್ಕದಲ್ಲಿ ಮೇಲಕ್ಕೆ ಏರಿಸುವುದು ಈ ವ್ಯಾಪಾರದ ರೂಢಿ. ದೊಡ್ಡ ಹಾಳೆಯಿಂದ ಕತ್ತರಿಸುವಾಗ ತುಂಡು ಉಳಿದು ದಂಡವಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಲೆಕ್ಕದ 78 ಚದರ ಅಡಿ ಬಿಲ್ಲಿನಲ್ಲಿ ಎಂಬತ್ತಾರೂ ಕಾಲು ಆಗುತ್ತದೆ ಎಂಬುದನ್ನು ಮುಂಗಡ ಇಸಿದುಕೊಳ್ಳುವ ಮುಂಚೆ ಹೇಳಬೇಕಿತ್ತು. ಇದಾದ ಮೇಲೆ ಬಾಗಿಲು ತಾನೇ ಮುಚ್ಚಿಕೊಳ್ಳಲು ನೆಲದೊಳಗೆ ಕೂರಿಸುವ ಫ್ಲೋರ್ ಸ್ಪ್ರಿಂಗ್, ಬಾಗಿಲ ಗಾಜನ್ನು ಮೇಲೆ ಕೆಳಗೆ ಹಿಡಿಯುವ ಪ್ಯಾಚ್, ಬೀಗ, ಹಿಡಿ ಸೇರಿ 8,400. ತೂತು ಕೊರೆದು ಮೂಲೆ ತೆಗೆದಿದ್ದಕ್ಕೆ 1,100. ಕೂರಿಸುವ ಕೂಲಿ 3,000, ಗಾಡಿ ಬಾಡಿಗೆ 1,500, ಸಂದಿಗೆ ತುಂಬುವ ಸಿಲಿಕೋನ್ ಅಂಟು 800. ಇಷ್ಟರ ಮೇಲೆ ಶೇ 18 ಜಿಎಸ್‌ಟಿ. ಎಲ್ಲ ಸೇರಿ 41,890 ರೂಪಾಯಿ.

ಇವು ಯಾವುವೂ ಸುಳ್ಳು ಖರ್ಚಲ್ಲ. 12 ಎಂಎಂ ಗಾಜು ಚದರ ಅಡಿಗೆ ಹತ್ತಿರ ಹತ್ತಿರ 2.8 ಕಿಲೋ ತೂಗುತ್ತದೆ. ನಮ್ಮ ಬಾಗಿಲೊಂದೇ 65 ಕಿಲೋ ದಾಟುತ್ತದೆ. ಅಷ್ಟು ಭಾರ ತಡೆಯುವ ಸ್ಪ್ರಿಂಗೇ ಬೇಕು, ಅದಕ್ಕೆ ಗ್ರಾನೈಟ್ ಕೊಯ್ದು ನೆಲದಲ್ಲಿ ಗುಂಡಿ ಮಾಡಲೇಬೇಕು. ನಮ್ಮೂರ ಮಳೆಗೆ ಆ ಗುಂಡಿಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಇಲ್ಲವಾದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮಾಡಿದ ಕೆಲಸಕ್ಕೆ ದುಡ್ಡು ಕೊಡಬೇಕಾದದ್ದೇ. ಅದನ್ನು ಮೊದಲೇ ಹೇಳಿದ್ದರೆ ಇನ್ನು ನಾಲ್ಕು ತಿಂಗಳು ತಡೆದು, ದುಡ್ಡು ಹೊಂದಿಸಿಕೊಂಡು ಮಾಡಿಸುತ್ತಿದ್ದೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಅಳತೆಗೆ ಬಂದ ಹುಡುಗ ಎಡಗಡೆ ಮಾತ್ರ ಟೇಪು ಹಿಡಿದು ಹೋದ. ನೀರು ಹರಿದುಹೋಗಲೆಂದು ನಮ್ಮ ನೆಲಕ್ಕೆ ಎಡಗಡೆಗೆ ಇಳಿಜಾರಾಗಿ ವಾಟ ಕೊಟ್ಟಿದೆ. ಎಡಕ್ಕೆ 87 ಇಂಚು ಇರುವ ಎತ್ತರ ಬಲಕ್ಕೆ 86 ಕಾಲು. ನಾಲ್ಕು ಜನ ಹೊತ್ತು ತಂದ ಬಲಗಡೆಯ ಗಾಜು ಕೂರಲೇ ಇಲ್ಲ. ಟಫನ್ಡ್ ಗಾಜನ್ನು ಕುಲುಮೆಯಲ್ಲಿ ಕಾಯಿಸಿ ತಣಿಸಿದ ಮೇಲೆ ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಹಾಗೆ ಮಾಡಿದರೆ ಇಡೀ ಗಾಜು ಪುಡಿಯಾಗುತ್ತದೆ. ಹೊಸದಾಗಿ ಮಾಡಿಸಬೇಕಾಯಿತು. ‘ನಿಮ್ಮ ನೆಲವೇ ಓರೆ ಇದೆ’ ಎಂದು ಅರ್ಧ ನನ್ನ ತಲೆಗೆ ಕಟ್ಟಿದರು, 3,600. ಶಟರ್ ಅರ್ಧ ಇಳಿಸಿಕೊಂಡು ಹನ್ನೆರಡು ದಿನ ಕಾದೆ. ಅದೂ ಮದುವೆ ಸೀಸನ್ನಿನಲ್ಲಿ.

ಆ ಅಂಗಡಿಯವರ ಹೆಸರು ಹಾಕಲು ಈ ಪತ್ರ ಬರೆಯುತ್ತಿಲ್ಲ. ನಾನು ಮಾತಾಡಿದ ಅಕ್ಕಪಕ್ಕದ ಅಂಗಡಿಯವರೆಲ್ಲರ ಅನುಭವ ಹೆಚ್ಚುಕಡಿಮೆ ಹೀಗೇ ಇದೆ. ಗಾಜಿನ ವ್ಯಾಪಾರಿಗಳಲ್ಲಿ, ಊರಿನ ವರ್ತಕರ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟು: ಮುಂಗಡ ಇಸಿದುಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಡಿ. ಗಾಜು ಸಾದಾವೋ ಟಫನ್ಡೋ, ಎಷ್ಟು ಎಂಎಂ, ನಿಜವಾದ ಅಳತೆ ಎಷ್ಟು, ಬಿಲ್ಲಿಗೆ ಹಿಡಿಯುವ ಅಳತೆ ಎಷ್ಟು, ಬಾಗಿಲಿನ ಸಾಮಾನು, ಕೂಲಿ, ಸಾಗಣೆ, ತೆರಿಗೆ, ಅಳತೆ ತಪ್ಪಿದರೆ ನಷ್ಟ ಯಾರದು. ಟಫನ್ಡ್‌ನಂಥ ಸುರಕ್ಷಾ ಗಾಜಿಗೆ ಐಎಸ್ 2553 ಎಂಬ ಭಾರತೀಯ ಮಾನಕವಿದೆ; ಅದರ ಮುದ್ರೆ ಗಾಜಿನ ಮೂಲೆಯಲ್ಲಿ ಇರುತ್ತದೆಯೇ ಎಂಬುದನ್ನೂ ಅದೇ ಹಾಳೆಯಲ್ಲಿ ಹಾಕಿ.

ಹಾಕಿಸುವವರೂ ಎತ್ತರವನ್ನು ಎರಡೂ ತುದಿಯಲ್ಲಿ, ಅಗಲವನ್ನು ಮೇಲೆ ಕೆಳಗೆ ಎದುರೇ ನಿಂತು ಅಳೆಸಿಕೊಳ್ಳಿ. ನನ್ನ ಬಿಲ್ಲು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇದೆ. ಯಾರಿಗಾದರೂ ಲೆಕ್ಕ ಹಾಕಿಕೊಳ್ಳಲು ಬೇಕಿದ್ದರೆ ಬಂದು ನೋಡಬಹುದು.

– ಸೀರೆ ಅಂಗಡಿಯ ಮಾಲೀಕೆ, ದುರ್ಗಿಗುಡಿ, ಶಿವಮೊಗ್ಗ